ಪಿಕ್ಚರ್ ಬರ್ತಿದೆ, ಸೌಂಡ್ ಇಲ್ಲ

ಪೈಲ್ವಾನ ಅಂಗಡಿಗೆ ನುಗ್ಗಿದವನೇ ಕೌಂಟರಿನ ಮೇಲೆ ಗುದ್ದಿದ ಏಟಿಗೆ ಗಾಜು ಬಿರುಕು ಬಿಟ್ಟಿತು. ಮರುಕ್ಷಣ ಕಂಪ್ಯೂಟರ್ ರಿಪೇರಿಯವನ ಕಾಲರ್ ಅವನ ಮುಷ್ಟಿಯಲ್ಲಿತ್ತು.

"ಏನೋ ಇದು, ಎಂಥ ಡಬ್ಬಾ ಕಟ್ಟಿಕೊಟ್ಟಿದ್ದೀಯ? ಟಿವಿಲಿ ಪಿಕ್ಚರ್ ಬರ್ತಿದೆ, ಸೌಂಡ್ ಇಲ್ಲ!"

"ಕೈ ತೆಗೀರಿ ಅಣ್ಣಾ. ಬಂದು ನೋಡ್ತೀನಿ."

ಬೇರೆ ಯಾರಾಗಿದ್ದರೂ ರಿಪೇರಿಯವನು ಸ್ಕ್ರೂಡ್ರೈವರ್ ಎತ್ತುತ್ತಿದ್ದನೋ ಏನೋ. ಆದರೆ ಜಿಮ್ ನಡೆಸುವ ಈ ಪೈಲ್ವಾನನಿಗೆ ಒಬ್ಬಳು ತಂಗಿಯಿದ್ದಳು. ಮನೆಯಲ್ಲೇ ಕೂತು ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವ ಟೈಲರ್. ಸಿನಿಮಾ ನೋಡಲೆಂದು ಟಿವಿಗೆ ಕಂಪ್ಯೂಟರ್ ಜೋಡಿಸಿಕೊಡಲು ಇವನು ಹೋಗಿದ್ದಾಗ, "ಇಷ್ಟೊಂದು ವೈರ್ ಯಾಕ್ರೀ? ನನಗೆ ಒಂದೇ ದಾರದಲ್ಲಿ ಇಡೀ ಅಂಗಿ ಮುಗಿಯುತ್ತೆ" ಎಂದು ತುಟಿ ಕಚ್ಚಿ ನಕ್ಕಿದ್ದಳು. ಅಂದಿನಿಂದ ಮಹಾಶಯನ ತಲೆ ನೆಟ್ಟಗಿಲ್ಲ. ಚೆನ್ನಾಗಿದ್ದ ಅಂಗಿಯನ್ನು ತಾನೇ ಹರಿದುಕೊಂಡು ಹೊಲಿಸಲು ಹೋಗಿದ್ದನೆಂದರೆ ನೀವೇ ಊಹಿಸಿಕೊಳ್ಳಿ.

ಮನೆಗೆ ಹೋದಾಗ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಆ ಸೆಖೆಯಲ್ಲೂ ಮಣಿಕಟ್ಟು ಮುಚ್ಚುವ ಉದ್ದ ತೋಳಿನ ಉಡುಪು. ಬಣ್ಣ ಚೆನ್ನಾಗಿ ಒಪ್ಪುತ್ತದೆ ಅಂದುಕೊಂಡ, ಅಷ್ಟೇ. ಮಂಕುದಿಣ್ಣೆ!

ಪೈಲ್ವಾನ ಫೋನ್ ಹಿಡಿದು ಬಾಲ್ಕನಿಗೆ ಹೋದ. ರಿಪೇರಿಯವನು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ. ಗ್ರಾಫಿಕ್ಸ್ ಕಾರ್ಡಿನಿಂದ ಟಿವಿಗೆ ಹೋಗುವ ಆ ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಹೋಗಬೇಕು, ಸೌಂಡೂ ಹೋಗಬೇಕು. ಚಿತ್ರ ಹೋಗುತ್ತಿತ್ತು. ಸೆಟ್ಟಿಂಗ್ಸ್ ತೆರೆದು ನೋಡಿದರೆ, ಕಾರ್ಡಿನ ಆಡಿಯೋವನ್ನು ಯಾರೋ ಕೈಯಾರೆ ಡಿಸೇಬಲ್ ಮಾಡಿದ್ದರು. ಈ ಮನೆಯಲ್ಲಿ ಆ ಜಾಗ ಗೊತ್ತಿದ್ದದ್ದು ಅವಳೊಬ್ಬಳಿಗೆ. ತೋರಿಸಿಕೊಟ್ಟವನು ಇವನೇ.

ಎದೆ ಉಬ್ಬಿಹೋಯಿತು. ಅವಳತ್ತ ಬಗ್ಗಿ ಪಿಸುಗುಟ್ಟಿದ. "ನನ್ನ ಕರೆಸೋಕೆ ಇಷ್ಟೆಲ್ಲ ನಾಟಕ ಬೇಕಿತ್ತಾ?"

ಯಂತ್ರ ನಿಂತಿತು. ಅವಳು ಕಣ್ಣೆತ್ತಿದಳು. "ಸರಿ ಮಾಡಬೇಡಿ."

"ಮಾಡದಿದ್ರೆ ನಿಮ್ಮಣ್ಣ ನನ್ನ ಮೂಳೆ ಮುರೀತಾರೆ!"

"ಕಾರ್ಡ್ ಸುಟ್ಟುಹೋಗಿದೆ ಅಂದುಬಿಡಿ. ದಮ್ಮಯ್ಯ ಅಂತೀನಿ."

"ಅಯ್ಯೋ, ನಾನೇ ಆರಿಸಿ ಹಾಕಿದ ಕಾರ್ಡನ್ನ ನನ್ನ ಬಾಯಲ್ಲೇ ಸುಟ್ಟಿದೆ ಅನ್ನಿಸ್ತೀರಲ್ಲ!" ಕಣ್ಣು ಮಿಟುಕಿಸಿ ಎನೇಬಲ್ ಒತ್ತಿದ. ಕೋಣೆ ಅದುರುವಂತೆ ಸೌಂಡ್ ಬಂತು.

ಪೈಲ್ವಾನ ಓಡಿ ಬಂದ. "ಏನಾಗಿತ್ತೋ?"

"ನನ್ನ ಕಾರ್ಡಿಗೇನೂ ಆಗಿಲ್ಲ ಅಣ್ಣಾ. ಯಾರೋ ಬೇಕಂತಲೇ ಆಫ್ ಮಾಡಿದ್ದಾರೆ" ಎಂದು ನಗುತ್ತಾ ಓರೆಗಣ್ಣಿನಲ್ಲಿ ಅವಳನ್ನು ನೋಡಿದ. ಅವಳ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ನಾಚಿಕೆ ಅಂದುಕೊಂಡ. ನಾಚಿದರೆ ಮುಖ ಕೆಂಪಾಗುತ್ತದೆ ಕಣೋ, ಬಿಳಿಚಿಕೊಳ್ಳುವುದಿಲ್ಲ!

"ಯಾರೋ ಅಂದ್ಯಾ?" ಪೈಲ್ವಾನ ತಂಗಿಯನ್ನು ದಿಟ್ಟಿಸಿದ. "ಸರಿ, ನೀನು ಹೊರಡು."

ಇವನು ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದ. ಮೇಲೆ ಸಿನಿಮಾದ ಸೌಂಡ್ ಏರುತ್ತಾ ಏರುತ್ತಾ ಹೋಯಿತು. ಕೆಳಗಿನ ಮನೆಯ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ನೀನಾ ಸರಿ ಮಾಡಿದ್ದು? ನಿನ್ನ ಕೈ ಸೇದಿಹೋಗ!"

"ಯಾಕಜ್ಜಿ?"

"ಅವನು ಸೌಂಡ್ ಜೋರು ಮಾಡೋದು ಸಿನಿಮಾ ನೋಡೋಕೆ ಅಂದ್ಕೊಂಡ್ಯಾ? ಆ ಹುಡುಗೀನ ಬಡಿಯೋಕೆ. ತನ್ನ ಗೆಳೆಯನ್ನ ಕಟ್ಕೋ ಅಂತಾನೆ, ಅವಳು ಒಲ್ಲೆ ಅಂತಾಳೆ. ಮಾರನೇ ದಿನ ಆ ಮಗು ತೋಳು ನೋಡಬೇಕು ನೀನು. ಪಕ್ಕದವರನ್ನ ಕೇಳಿದ್ರೆ ಅವರಿಗೇನೂ ಕೇಳಿಸಿಲ್ಲವಂತೆ. ಸೌಂಡ್ ಕೆಟ್ಟಾಗಿಂದ ಪಾಪಿ ಕೈ ಎತ್ತಿರಲಿಲ್ಲ."

ಅವನು ತಿರುಗಿ ಮೇಲಿನ ಬಾಗಿಲನ್ನು ನೋಡಿದ. ಉದ್ದ ತೋಳು, ದಮ್ಮಯ್ಯ ಅಂದ ಬಾಯಿ, ಬಿಳಿಚಿದ ಮುಖ. ಥೂ! ಅವಳು ಮಾಡಿಕೊಂಡಿದ್ದ ಒಂದೇ ಒಂದು ಆಸರೆಯನ್ನು ತಾನೇ ಕಿತ್ತು ಅವಳಣ್ಣನ ಕೈಗೆ ಕೊಟ್ಟಿದ್ದ.

ಆ ಕಂಪ್ಯೂಟರಿನ ರಿಮೋಟ್ ಆ್ಯಪ್ ಇವನ ಫೋನಿನಲ್ಲೂ ಇತ್ತು, ಅಂದು ಟೆಸ್ಟ್ ಮಾಡಲು ಹಾಕಿಕೊಂಡದ್ದು. ಮ್ಯೂಟ್ ಒತ್ತಿದ.

ಸಿನಿಮಾ ಗಪ್ಪಾಯಿತು. ಬಿಲ್ಡಿಂಗಿಗೆಲ್ಲ ಕೇಳುವಂತೆ ಒಂದು ಏಟಿನ ಸದ್ದು, ಅದರ ಹಿಂದೆಯೇ ಅವಳ ಕಿರುಚಾಟ. "ಅಣ್ಣಾ, ಸಾಯ್ತೀನಿ, ಬಿಡೋ!"

ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ರಿಪೇರಿಯವನು ಅಷ್ಟರಲ್ಲಿ ಮೇಲಿದ್ದ. ಮತ್ತೆ ಮತ್ತೆ ಹೆಗಲು ಕೊಟ್ಟ ಮೇಲೆ ಚಿಲಕ ಕಿತ್ತು ಬಂತು. ಪೈಲ್ವಾನ ಅವಳ ಕೂದಲು ಹಿಡಿದು ಮುಖವನ್ನು ಹೊಲಿಗೆ ಯಂತ್ರಕ್ಕೆ ಒತ್ತಿದ್ದ. ಅರ್ಧ ಹೊಲಿದ ಬಟ್ಟೆಯ ಮೇಲೆಲ್ಲ ರಕ್ತ.

ಮೊದಲ ಗುದ್ದು ರಿಪೇರಿಯವನ ದವಡೆಗೆ ಬಿತ್ತು. ಮುಂದಿನದು ಪಕ್ಕೆಗೆ. ನೆಲಕ್ಕೆ ಬಿದ್ದವನ ಕೈಗೆ ಸಿಕ್ಕಿದ್ದು ಕಂಪ್ಯೂಟರ್, ತಾನೇ ಒಂದೊಂದು ಭಾಗ ಆರಿಸಿ ಕಟ್ಟಿದ್ದು. ವೈರ್ ಸಮೇತ ಕಿತ್ತೆತ್ತಿ ಪೈಲ್ವಾನನ ಮೊಣಕಾಲಿಗೆ ಅಪ್ಪಳಿಸಿದ. ಮೂಳೆ ಲಟಕ್ಕೆಂದಿತು, ಆ ಹೆಮ್ಮೆಯ ಕಾರ್ಡ್ ಎರಡು ಹೋಳಾಗಿ ಹಾರಿತು. ಕುಸಿದು ಬಿದ್ದವನ ಕತ್ತಿಗೆ ಅವಳು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದಳು.

"ಅಲ್ಲಾಡಬೇಡ. ನನ್ನ ಕೈ ನಡುಗ್ತಿದೆ."

ಪೈಲ್ವಾನ ಅಲ್ಲಾಡಲಿಲ್ಲ. ನುಗ್ಗಿ ಬಂದ ನೆರೆಯವರು ಅವನ ಕೈಕಾಲು ಅದುಮಿ ಹಿಡಿದರು. ಪೊಲೀಸರು ಹೊತ್ತೊಯ್ಯುವಾಗ, ಕಿರುಚಿದ್ದನ್ನು ಕೇಳಿದೆವೆಂದು ಎಲ್ಲರೂ ಹೇಳಿದರು.

ಅಜ್ಜಿಯ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಅವಳ ಹಣೆಗೆ ಬ್ಯಾಂಡೇಜ್, ತುಟಿ ಒಡೆದಿತ್ತು. ಅವನ ಊದಿದ ದವಡೆಗೆ ಅವಳು ಒದ್ದೆ ಬಟ್ಟೆ ಒತ್ತುತ್ತಿದ್ದಳು, ಸಿಟ್ಟಿನಿಂದ, ತುಸು ಜೋರಾಗಿಯೇ.

"ನಿಮ್ಮನ್ನ ಕರೆಸೋಕೆ ಅಂದ್ಕೊಂಡ್ರಲ್ಲ, ಅಷ್ಟು ಜಂಬ ಬೇಡ. ಏಟು ತಪ್ಪಲಿ ಅಂತ ಆಫ್ ಮಾಡಿದ್ದು."

ಅವನು ತಲೆ ತಗ್ಗಿಸಿದ. ಕಣ್ಣೀರು ಅವಳ ಕೈಮೇಲೆ ಬಿತ್ತು. ಅವಳ ಕೈ ಮೆತ್ತಗಾಯಿತು.

"ಕೆಟ್ರೆ ನಿಮ್ಮನ್ನೇ ಕರೀತಾನೆ ಅಂತಾನೂ ಗೊತ್ತಿತ್ತು" ಎಂದಳು, ಬೇರೆಲ್ಲೋ ನೋಡುತ್ತಾ. "ಅವತ್ತು ಆಫ್ ಮಾಡಿದಾಗಿಂದ ಕಿಟಕಿ ಹತ್ರಾನೇ ಕೂತು ಹೊಲೀತಿದ್ದೆ."

ಅವನು ತಟ್ಟನೆ ಮುಖವೆತ್ತಿದ. ಹೇಳಬೇಕಾದ್ದೆಲ್ಲ ಗಂಟಲಿಗೆ ಬಂತು. ತುಟಿ ಆಡಿಸಿದ, ಊದಿದ ದವಡೆಯಿಂದ ಒಂದು ಮಾತೂ ಹೊರಡಲಿಲ್ಲ. ಮತ್ತೆ ಆಡಿಸಿದ.

ಅವಳು ನೋಡಿದಳು, ನೋಡಿದಳು, ಒಡೆದ ತುಟಿ ನೋಯುತ್ತಿದ್ದರೂ ನಕ್ಕುಬಿಟ್ಟಳು. "ಪಿಕ್ಚರ್ ಬರ್ತಿದೆ, ಸೌಂಡ್ ಇಲ್ಲ."

ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ವಾಸಿಯಾದ ಮೇಲೆ ಹೇಳಿ, ಕಾಯ್ತೀನಿ. ಆದರೆ ಪಿಸುಪಿಸು ಅಂದ್ರೆ ಆಗಲ್ಲ. ಜೋರಾಗಿ ಹೇಳಬೇಕು, ಇಡೀ ಬಿಲ್ಡಿಂಗಿಗೆ ಕೇಳಿಸಬೇಕು."