ಲಾಗಿನ್ ಆದವರು ಓದಲೇಬೇಕು

ನಗಬೇಡಿ... ಆ ಒಂದು ಸಾಲನ್ನು ನಾನು ಮೂರು ಸಲ ಓದಿದೆ!

ಸ್ಕ್ರೀನ್ ಮೇಲೆ ಇದ್ದದ್ದು ನಿಖಿತಾ ಬರೆದ ಸಾಲು. ಬೆಳಗ್ಗಿನಿಂದ ನಾಪತ್ತೆಯಾಗಿದ್ದ ನಿಖಿತಾ!

ಮೂಡುಬಿದಿರೆಯ ಒಂದು ಆಸ್ಪತ್ರೆಯ ಲಿನಕ್ಸ್ ಸರ್ವರ್, ಅಂದರೆ ರೋಗಿಗಳ ದಾಖಲೆಯೆಲ್ಲ ಇರುವ ಕಂಪ್ಯೂಟರ್, ನೋಡಿಕೊಳ್ಳುವವಳು ಅವಳು. ಹುಡುಕಿಕೊಡಿ ಅಂತ ಪತ್ತೇದಾರನಾದ ನನಗೆ ಫೋನ್ ಮಾಡಿ ಅಡ್ಮಿನ್ ಪಾಸ್‌ವರ್ಡ್ ಕೊಟ್ಟದ್ದು ಆಸ್ಪತ್ರೆಯ ಒಡತಿ ಡಾಕ್ಟರ್ ಕಾಂತಿ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೊರಟವನು ಮಡಂತ್ಯಾರಿನಲ್ಲೇ ಕಾರು ನಿಲ್ಲಿಸಿ, ಆ ಸರ್ವರಿಗೆ ಲಾಗಿನ್ ಆಗಿದ್ದೆ.

ಲಾಗಿನ್ ಆದವರಿಗೆಲ್ಲ ಮೊದಲು ಒಂದು ಮೆಸೇಜ್ ಕಾಣುತ್ತದೆ. 'ಅನುಮತಿ ಇದ್ದವರಿಗೆ ಮಾತ್ರ.' ಇವತ್ತು ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ತುಳು!

ಪುತ್ತಿಗೆಯ ಮುಚ್ಚಿದ ಗೇರುಬೀಜದ ಫ್ಯಾಕ್ಟರಿ. ಇಬ್ಬರಿದ್ದಾರೆ. ಕತ್ತಿ ಉಂಟು. ಅವರಿಗೆ ತುಳು ಬರುವುದಿಲ್ಲ... ಇಷ್ಟು!

ರೋಗಿಗಳ ದಾಖಲೆ ಕದಿಯಲು ಅವಳನ್ನು ಕೀಬೋರ್ಡ್ ಮುಂದೆ ಕೂರಿಸಿದ್ದರು. ಅವರ ಕಣ್ಣೆದುರೇ ಅವಳು ಲಾಗಿನ್ ಮೆಸೇಜ್ ಬದಲಿಸಿದ್ದಳು!

ಮೂಡುಬಿದಿರೆ ಪೊಲೀಸ್ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಗುರುವಪ್ಪನಿಗೆ ಫೋನ್ ಮಾಡಿ ಜಾಗ ಹೇಳಿದೆ.

"ಹೊರಟೆವು ಸಮದ್ರೇ. ಇಪ್ಪತ್ತು ನಿಮಿಷ ಬೇಕು."

"ಅಷ್ಟು ಹೊತ್ತು ಇಲ್ಲ ಮಾರಾಯ್ರೇ!"

ಆಗ ನನ್ನ ಸ್ಕ್ರೀನ್ ಮೇಲೆ ಇನ್ನೊಂದು ಸಾಲು ಮೂಡಿತು. ತಾನಾಗಿಯೇ! ಇಂಗ್ಲಿಷಿನಲ್ಲಿ!

'ಯಾರು ನೀನು? ಹೊರಗೆ ಹೋಗು. ಇಲ್ಲದಿದ್ದರೆ ಇವಳು ಉಳಿಯುವುದಿಲ್ಲ.'

ಸರ್ವರಿನೊಳಗೆ ನನ್ನನ್ನು ನೋಡಿಬಿಟ್ಟಿದ್ದರು...

ನಾನು ಹೊರಗೆ ಹೋದರೆ ಅವಳನ್ನು ಬಿಡುತ್ತಾರಾ? ಅವಳು ಅವರ ಮುಖ ನೋಡಿದ್ದಾಳೆ!

ಆ ಲಾಗಿನ್ ಮೆಸೇಜಿನ ಫೈಲ್ ತೆರೆದೆ. ಎಲ್ಲ ಅಳಿಸಿದೆ. ಇಂಗ್ಲಿಷಿನಲ್ಲೇ ಬರೆದೆ. 'ನೀವು ಯಾರೆಂದು ಗೊತ್ತಾಗಿದೆ. ಪೊಲೀಸರು ಬಾಗಿಲಲ್ಲಿದ್ದಾರೆ. ಹುಡುಗಿಯನ್ನು ಮುಟ್ಟದೆ ಓಡಿ.'

ಬಾಗಿಲಲ್ಲಿ ಯಾರೂ ಇರಲಿಲ್ಲ!

ಅವರ ಕನೆಕ್ಷನ್ ಕತ್ತರಿಸಿದೆ. ಇನ್ನು ಅವರು ಮತ್ತೆ ಲಾಗಿನ್ ಆಗಲೇಬೇಕು. ಲಾಗಿನ್ ಆದರೆ ನಾನು ಬರೆದದ್ದನ್ನು ಓದಲೇಬೇಕು.

ಆದರು...

ಒಂದು ನಿಮಿಷ. ಐದು. ಹತ್ತು. ಇಪ್ಪತ್ತು. ಗುರುವಪ್ಪನ ಫೋನ್ ಬರಲಿಲ್ಲ. ಹೆದರಿ ಅವಳನ್ನೇ ಮುಗಿಸಿದರಾ? ನಾನೇ ಕೊಂದೆನಾ?

ಫೋನ್ ರಿಂಗಾಯಿತು.

"ಹುಡುಗಿ ಸಿಕ್ಕಿದ್ಳು!" ಗುರುವಪ್ಪ ಏದುಸಿರು ಬಿಡುತ್ತಿದ್ದ. "ಕೈ ಕಟ್ಟಿ ಹಾಕಿದ್ರು, ಅಷ್ಟೇ. ಆ ಇಬ್ಬರು ಬೈಕಿನಲ್ಲಿ ನಮ್ಮ ಜೀಪಿನ ಎದುರಿಗೇ ಬಂದು ಸಿಕ್ಕಿಬಿದ್ರು."

ಹಣೆಯನ್ನು ಸ್ಟೀಯರಿಂಗಿಗೆ ಒತ್ತಿ ಕೂತೆ.

ಮತ್ತೆ ಫೋನ್. ಡಾಕ್ಟರ್ ಕಾಂತಿ.

"ಸಮದ್ರೇ, ಎಂಥದು ಇದು? ನಮ್ಮ ಮ್ಯಾನೇಜರ್ ಈಗ ಸರ್ವರಿಗೆ ಲಾಗಿನ್ ಆದ್ರು. 'ನೀವು ಯಾರೆಂದು ಗೊತ್ತಾಗಿದೆ' ಅಂತ ಏನೋ ಓದಿದ್ರು. ಚಪ್ಪಲಿ ಕೂಡ ಹಾಕದೆ ಹೊರಗೆ ಓಡಿದ್ರು!"

"ಬುದ್ಧಿವಂತರು ಮೇಡಂ," ಅಂದೆ. "ಆ ಇಬ್ಬರು ಕಳ್ಳರಿಗೆ ನಾನು ಬರೆದದ್ದು ತಮಗೂ ಸೇರಿದ್ದು ಅಂತ ಓದಿದ ಕೂಡಲೇ ಗೊತ್ತಾಯ್ತು!"