ಎಲ್ಲರಿಗೂ ಕೇಳಿಸಿದ ಹೆಸರು

"ಮದುವೆ ಆದ್ಮೇಲಾದ್ರೂ ಆಫೀಸ್ ಕೆಲಸಕ್ಕೆ ಬದಲಾಗ್ತೀಯಾ?" ಎಂದು ಅವನು ಕೇಳಿದ್ದೇ ತಪ್ಪಾಯಿತು.

"ಮದುವೆ ನಿನ್ನ ಜೊತೆ ಅಂತ ಯಾರು ಹೇಳಿದ್ದು?" ಅವಳು ಲೋಟವನ್ನು ಕ್ಯಾಂಟೀನಿನ ಮೇಜಿಗೆ ಕುಕ್ಕಿ ಎದ್ದಳು. ಅವಳ ಕಣ್ಣಂಚಿನಲ್ಲಿ ನಗುವೇನಾದರೂ ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ.

ಅವಳು ವಿಮಾನ ನಿಲ್ದಾಣದ ಅಗ್ನಿಶಾಮಕ ದಳದ ಚಾಲಕಿ. ಬೆಂಕಿ ನಂದಿಸುವ ಆರು ಚಕ್ರಗಳ ಗಾಡಿ, ಕ್ರ್ಯಾಶ್ ಟೆಂಡರ್, ಅವಳ ಕೈಯಲ್ಲಿ ಸಾಕಿದ ಎಮ್ಮೆಯಂತೆ ಹೇಳಿದ ಮಾತು ಕೇಳುತ್ತಿತ್ತು. ಅವನು ಕಂಟ್ರೋಲ್ ಟವರಿನಲ್ಲಿ ಕೂರುವವನು. ಅವನ ಅಪ್ಪಣೆಯಿಲ್ಲದೆ ರನ್‌ವೇಗೆ ಒಂದು ಸೈಕಲ್ಲೂ ಇಳಿಯುವಂತಿರಲಿಲ್ಲ. ಅಷ್ಟು ದೊಡ್ಡ ಗಾಡಿ ಓಡಿಸುವವಳನ್ನು ಅವನು 'ಗುಬ್ಬಿ' ಎನ್ನುತ್ತಿದ್ದ. ಇಬ್ಬರೇ ಇದ್ದಾಗ ಮಾತ್ರ, ಪಿಸುದನಿಯಲ್ಲಿ.

ಜಗಳದ ಮರುದಿನ ಮಧ್ಯಾಹ್ನ ಸೈರನ್ ಕೂಗಿತು. ಇಳಿಯಲು ಬರುತ್ತಿದ್ದ ವಿಮಾನದ ಒಂದು ಬದಿಯ ಚಕ್ರ ಹೊರಬಂದಿರಲಿಲ್ಲ. ವಿಮಾನ ಒಂದು ರೆಕ್ಕೆಯನ್ನು ನೆಲಕ್ಕೆ ಉಜ್ಜುತ್ತ, ಕಿಡಿ ಚೆಲ್ಲುತ್ತ ಹೋಗಿ ನಿಂತಿತು.

"ಟವರ್, ರೆಸ್ಕ್ಯೂ ಒನ್. ರನ್‌ವೇಗೆ ಅನುಮತಿ ಬೇಕು." ಅವಳು ತನ್ನ ಗಾಡಿಯ ಕರೆಹೆಸರು ಹೇಳಿ ರೇಡಿಯೊದಲ್ಲಿ ಕೇಳಿದಳು.

ಆ ಕಡೆಯಿಂದ ಅವನ ದನಿ ಬಂತು. "ರೆಸ್ಕ್ಯೂ ಒನ್... ಹೋಗಬಹುದು."

ಬೇಡ ಎಂದವನ ಬಾಯಿಂದಲೇ ಹೋಗು ಎಂಬ ಮಾತು ಬಂದಿತ್ತು.

ಜನ ಒಂದು ಬದಿಯ ಬಾಗಿಲಿನಿಂದ ಜಾರಿ ಇಳಿಯುತ್ತಿದ್ದರು. ಇನ್ನೊಂದು ಬದಿಯಲ್ಲಿ ಬೆಂಕಿ. ಅವಳು ಗಾಡಿಯನ್ನು ಅಲ್ಲಿಗೇ ನುಗ್ಗಿಸಿದಳು. ಪಕ್ಕದಲ್ಲಿ ಕೂತಿದ್ದ ತಂಡದ ಹಿರಿಯ, ಎಲ್ಲರ ದೊಡ್ಡಣ್ಣ, ಫೋಮ್ ಚಿಮ್ಮಿಸುವ ನಳಿಗೆಯನ್ನು ತಿರುಗಿಸಿದ. ಅಷ್ಟರಲ್ಲಿ ವಿಮಾನದ ಕಾದ ಟೈರೊಂದು ಸಿಡಿಯಿತು.

ಏನೋ ಬಂದು ಗಾಜಿಗೆ ಬಡಿಯಿತು. ಗಾಜೆಲ್ಲ ಬಿರುಕು. ಸುತ್ತ ಕಪ್ಪು ಹೊಗೆ, ಕಿವಿಯಲ್ಲಿ ಗುಂಯ್ ಎಂಬ ಸದ್ದು. ತಾನು ಬದುಕಿದ್ದೇನೆಯೇ ಎಂಬುದೇ ಅವಳಿಗೆ ತಿಳಿಯಲಿಲ್ಲ.

"ರೆಸ್ಕ್ಯೂ ಒನ್, ಉತ್ತರಿಸಿ."

ಬೆರಳು ಮೈಕಿನ ಗುಂಡಿಯ ಮೇಲಿತ್ತು. ಗಂಟಲಿನಿಂದ ದನಿ ಹೊರಡಲಿಲ್ಲ.

"ರೆಸ್ಕ್ಯೂ ಒನ್!" ಆಮೇಲೆ ಆ ದನಿ ಒಡೆಯಿತು. "ಗುಬ್ಬೀ... ಎಲ್ಲಿದ್ದೀಯೇ? ಬೈಯೋದಾದ್ರೂ ಬೈಯೇ. ನಾನೇ ಕಣೇ ನಿನ್ನ ಕಳಿಸಿದ್ದು..."

ಪ್ರತಿ ಗಾಡಿಯ ರೇಡಿಯೊದಲ್ಲೂ ಅದು ಕೇಳಿಸಿತು.

ದೊಡ್ಡಣ್ಣನ ಹಣೆಯಲ್ಲಿ ರಕ್ತ. ಅವನು ಅವಳ ಭುಜ ಹಿಡಿದು ಅಲುಗಿಸಿದ. "ಮಾತಾಡು ತಂಗೀ. ಟವರಲ್ಲೊಬ್ಬ ಜೀವ ಬಿಡ್ತಾ ಇದಾನೆ."

ಅವಳು ಗುಂಡಿ ಒತ್ತಿದಳು. "ಇದೀನಿ. ಫೋಮ್ ಬಿಡ್ತಾ ಇದೀವಿ. ಲೈನ್ ಖಾಲಿ ಬಿಡು."

ಬಿರುಕುಗಳ ಸಂದಿಯಲ್ಲೇ ಇಣುಕುತ್ತ ಗಾಡಿಯನ್ನು ಒಂದಿಷ್ಟು ಹಿಂದೆ ತಂದಳು. ಬಿಳಿ ನೊರೆ ರೆಕ್ಕೆಯನ್ನು ಮುಚ್ಚಿತು. ಬೆಂಕಿ ಸೊರಗಿತು. ಕೊನೆಗೆ ವಿಮಾನದ ಕ್ಯಾಪ್ಟನ್ ಕುಂಟುತ್ತ ಇಳಿದರು. ಒಂದು ಜೀವವೂ ಹೋಗಲಿಲ್ಲ.

ಫೈರ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅವಳು ಕೂತಿದ್ದಾಗ ಅವನು ಓಡಿ ಬಂದ. ಎದುರಿಗೆ ನಿಂತ. ಹೊಗೆ ಮೆತ್ತಿದ ಅವಳ ಮುಖವನ್ನು, ಸುಟ್ಟ ಹುಬ್ಬಿನ ತುದಿಯನ್ನು, ಅದು ನಿಜವೇ ಎಂಬಂತೆ ನೋಡಿದ. ಮಂಡಿಯೂರಿ ಅವಳ ಬೂಟು ಬಿಚ್ಚಿದ.

"ಇನ್ಯಾವತ್ತೂ ಈ ಕೆಲಸ ಬಿಡು ಅನ್ನಲ್ಲ," ಎಂದ. "ಹೆದರಿಕೆ ನಂದು. ಅದನ್ನ ನಿನ್ನ ತಲೆಗೆ ಕಟ್ಟೋಕೆ ಬಂದೆ."

"ನಂಗೂ ಹೆದರಿಕೆ ಆಯ್ತು ಕಣೋ." ಈ ಮಾತನ್ನು ಅವಳು ಯಾರಿಗೂ ಹೇಳಿದವಳಲ್ಲ. "ದನಿನೇ ಬರಲಿಲ್ಲ. ನೀನು ಕರೀತಿದ್ದೆ, ನಂಗೆ ಓ ಅನ್ನೋಕೂ ಆಗಲಿಲ್ಲ."

ಅಷ್ಟು ಹೇಳಿ ಅವನ ಹೆಗಲಿಗೆ ಹಣೆ ಒತ್ತಿ ಅತ್ತಳು. ಅವನ ಬಿಳಿ ಅಂಗಿ ಮಸಿಯಾಯಿತು. ಒಳಗಿದ್ದವರೆಲ್ಲ ಬೇಕೆಂದೇ ಬೇರೆಲ್ಲೋ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ತಲೆಯೆತ್ತಿದಳು. "ಅಮ್ಮ ಟಿವೀಲಿ ನೋಡಿರ್ತಾಳೆ. ಫೋನ್ ಮಾಡ್ಬೇಕು."

"ಮಾಡು."

"ಅವಳ ದನಿ ಕೇಳಿದ್ರೆ ಮತ್ತೆ ಅಳ್ತೀನಿ. ನೀನೇ ಮಾಡು."

ಅವನು ಫೋನ್ ಕೈಗೆತ್ತಿಕೊಂಡು ತಡವರಿಸಿದ. "ಯಾರು ಮಾತಾಡೋದು ಅಂತ ಕೇಳಿದ್ರೆ?"

ಅವಳು ಮೂಗು ಒರೆಸಿಕೊಂಡಳು. "ಅಳಿಯ ಅನ್ನು."