ಒಂದು ಪರ್ಸೆಂಟ್ ರಿಯಾಯಿತಿ

"ಆ ಫ್ಲ್ಯಾಟ್ ಬೇಕಾದ್ರೆ ತಕೋ. ಆದ್ರೆ ಹೆಂಗಸಿನ ಹೆಸರಲ್ಲಿ ಮಾತ್ರ ಮಾಡ್ಬೇಡ ಮಾರಾಯಾ," ಎಂದ ಕಿಟ್ಟಣ್ಣ. ಚಹಾ ಗ್ಲಾಸನ್ನು ಲತೀಶನ ಮುಂದಿಟ್ಟ.

ಲತೀಶನಿಗೆ ನಗು ತಡೆಯಲಾಗಲಿಲ್ಲ. ಗೃಹಸಾಲ ಕೊಡಿಸುವ ಏಜೆಂಟ್ ಅವನು. ಕೋಪರಖೈರಣೆಯಲ್ಲಿ ನೆಲೆಸಿದ ಊರವರಿಗೆಲ್ಲ ಅವನೇ ಗತಿ. ಬಡ್ಡಿ ಫ್ಲೋಟಿಂಗೋ ಫಿಕ್ಸೆಡ್ಡೋ, ಕೈಯಿಂದ ಎಷ್ಟು ಹಾಕಬೇಕು, ಬ್ಯಾಂಕು ಹರಾಜಿಗಿಟ್ಟ ಮನೆ ಕೊಳ್ಳಬಹುದೋ, ಯಾರು ಏನು ಕೇಳಿದರೂ ಅವನ ಬಾಯಲ್ಲಿ ಉತ್ತರ ಸಿದ್ಧ. ಅಂಥವನಿಗೆ ಘೋಡಬಂದರ್ ರಸ್ತೆಯ ಹರಾಜಿನ ಫ್ಲ್ಯಾಟು ಅರ್ಧ ಬೆಲೆಗೆ ಸಿಕ್ಕಿತ್ತು. ಇನ್ನು ಕ್ಯಾಂಟೀನಿನ ಕಿಟ್ಟಣ್ಣನ ಮಾತು ಕೇಳುತ್ತಾನೆಯೇ?

"ಹೆಂಗಸರ ಹೆಸರಿಗೆ ಮಾಡಿದ್ರೆ ಸ್ಟ್ಯಾಂಪ್ ಡ್ಯೂಟಿ ಒಂದು ಪರ್ಸೆಂಟ್ ಕಮ್ಮಿ, ಕಿಟ್ಟಣ್ಣ. ಅರವತ್ತು ಸಾವಿರ! ನೀವು ಕೊಡ್ತೀರಾ?"

"ಅಲ್ಲಿದ್ದ ಉಮಾವತಿಯ ಗಂಡ ಸಾಲ ಮಾಡಿ ಓಡಿಹೋದ. ಬ್ಯಾಂಕಿನವರು ಅವಳನ್ನು ಎಳೆದು ಹೊರಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಹೊಸ್ತಿಲಿಗೆ ಮೊದಲೇ ಎಂತದೋ ಮಾಟ ಮಾಡಿಸಿದ್ಲು. 'ಈ ಮನೆಗೆ ಯಜಮಾನಿ ಆದವಳು ಈ ಬಾಗಿಲಿಂದ ಹೊರಗೆ ಬರ್ಬಾರ್ದು' ಅಂತ ಶಾಪ ಹಾಕಿ, ಅಲ್ಲೇ ಬಿದ್ದು ಸತ್ಲು."

"ಹಾಗಾದ್ರೆ ಸೊಸೈಟಿ ಮೀಟಿಂಗಿಗೆ ನಾನೇ ಹೋಗ್ತೇನೆ ಬಿಡಿ," ಎನ್ನುತ್ತ ಲತೀಶ ಎದ್ದ. ಮುಂದಿನ ವಾರ ಮನೆ ಅವನ ಹೆಂಡತಿ ಮಾನಸಿಯ ಹೆಸರಿಗೆ ನೋಂದಣಿಯಾಯಿತು.

ಹಾಲುಕ್ಕಿಸಿದ ದಿನ ಎಲ್ಲ ಸರಿಯಿತ್ತು. ನೆಂಟರೆಲ್ಲ ಹೋದ ಮೇಲೆ ಮಾತ್ರ ಬಾಗಿಲ ಸಂದಿಯಿಂದ ಸುಟ್ಟ ಒಣಮೆಣಸಿನ ಘಾಟು ಬಂತು. ಅದರೊಳಗೆ ಕೂದಲು ಕರಟಿದ ವಾಸನೆ. ಪಕ್ಕದ ಮನೆಯವರ ಒಗ್ಗರಣೆಯಿರಬೇಕೆಂದು ಲತೀಶ ಕಿಟಕಿ ತೆರೆದ. ಮರುದಿನ ತರಕಾರಿ ತರಲು ಹೊರಟ ಮಾನಸಿ ಹೊಸ್ತಿಲಾಚೆ ಕಾಲಿಟ್ಟದ್ದೇ ತಡ, ಉಸಿರು ಕಟ್ಟಿ ಕುಸಿದಳು. ಆಸ್ಪತ್ರೆಗೆಂದು ಲತೀಶ ಅವಳನ್ನು ಎತ್ತಿಕೊಂಡು ಲಿಫ್ಟಿನವರೆಗೂ ಹೋಗಲಿಲ್ಲ, ತುಟಿ ಕಪ್ಪಾಯಿತು, ಮೂಗಿನಿಂದ ರಕ್ತ ಇಳಿಯಿತು. ಹೆದರಿ ಒಳಗೆ ತಂದು ಮಲಗಿಸಿದ. ಉಸಿರು ಮರಳಿತು.

ಆಮೇಲೆ ಅವನು ಮಾಡದ್ದಿಲ್ಲ. ಡಾಕ್ಟರು ಮನೆಗೆ ಬಂದರು, ಕಾಯಿಲೆಯೇ ಇಲ್ಲವೆಂದರು. ಹೊಸ್ತಿಲು ಅಗೆಸಿದ, ಬರೀ ಸಿಮೆಂಟು ಸಿಕ್ಕಿತು. ಎರಡನೆಯ ತಿಂಗಳು ಮುಂದಿನ ಹಾಲ್‌ನಲ್ಲಿ ಕಾಲಿಟ್ಟರೂ ಮಾನಸಿಗೆ ಉಸಿರು ಕಟ್ಟತೊಡಗಿತು. ನಾಲ್ಕನೆಯ ತಿಂಗಳು ಮಲಗುವ ಕೋಣೆಯೂ ಹೋಯಿತು. ಈಗ ಅವಳಿಗೆ ಉಳಿದದ್ದು ಅಡುಗೆಮನೆಯೊಂದೇ. ನೆಲದಲ್ಲೇ ಚಾಪೆ, ಪಾತ್ರೆ ತೊಳೆಯುವ ಮೋರಿಯಲ್ಲೇ ಸ್ನಾನ. ಲತೀಶ ಕಿಟ್ಟಣ್ಣನ ಕಾಲು ಹಿಡಿದ. ಕಿಟ್ಟಣ್ಣ ಊರಿನಿಂದ ಮಂತ್ರವಾದಿ ಅಂಗಾರನನ್ನು ಕರೆಸಿದ.

ಅಂಗಾರ ಒಳಗೆ ಬರಲೇ ಇಲ್ಲ. ಬಾಗಿಲ ಹೊರಗಿನಿಂದಲೇ ಮೂಸಿ, "ಕಾಗದದಲ್ಲಿ ಇನ್ನೊಬ್ಬಳ ಹೆಸರು ಬಂದ್ರೆ ಇವಳನ್ನು ಬಿಡ್ತದೆ. ಗಂಡಸಿನ ಹೆಸರು ಆಗುದಿಲ್ಲ," ಎಂದು ಹೇಳಿ, ದಕ್ಷಿಣೆಯನ್ನೂ ಮುಟ್ಟದೆ ಇಳಿದುಹೋದ.

ಲತೀಶ ಗಿರಾಕಿ ಹುಡುಕಿದ. ಡೊಂಬಿವಲಿಯ ಸೂರಜ್ ಸಿಕ್ಕಿದ. ಹೊಸದಾಗಿ ಮದುವೆಯಾಗಿದ್ದ. "ಹೆಂಡತಿ ಹೆಸರಲ್ಲೇ ಮಾಡಿ ಸೂರಜ್, ಒಂದು ಪರ್ಸೆಂಟ್ ಉಳೀತದೆ," ಎಂದು ಲತೀಶ ಅವನ ಮುಖ ನೋಡದೆ ಹೇಳಿದ. ಮಾಲಕಿ ಏಳಲಾಗದ ರೋಗಿ ಎಂದು ಅರ್ಜಿ ಹಾಕಿದ್ದರಿಂದ ನೋಂದಣಿ ಕಚೇರಿಯವರು ಕ್ಯಾಮೆರಾ, ಹೆಬ್ಬೆಟ್ಟಿನ ಯಂತ್ರ ಹೊತ್ತು ಮನೆಗೇ ಬಂದರು.

ಸೂರಜನ ಹೆಂಡತಿ ಅಶ್ಮಿತಾ ಅಡುಗೆಮನೆಗೆ ಇಣುಕಿ ನಕ್ಕಳು. "ಅಕ್ಕಾ, ಕಿಚನ್ ಭಾರಿ ಲಾಯ್ಕ್ ಉಂಟು. ಇಲ್ಲೇ ಇಡೀ ದಿನ ಕೂತ್ಕೊಳ್ಳುವಾ ಅನ್ನಿಸ್ತದೆ."

ಮಾನಸಿ ಚಾಪೆ ಸುತ್ತಿ ಮೂಲೆಗೆ ಸರಿಸಿದಳು.

"ಲವ್ಕರ್ ಕರಾ," ಎಂದು ಅವಸರಪಡಿಸಿದ ಗುಮಾಸ್ತ.

ಮಾನಸಿ ಹೆಬ್ಬೆರಳು ಎತ್ತಿದಳು. ಮೆಣಸಿನ ಘಾಟು ಏರಿತು. ಟ್ಯೂಬ್‌ಲೈಟು ಮಂಕಾಯಿತು. ಎಲ್ಲೋ ಉಗುರು ಕೆರೆಯುವ ಸದ್ದು. ಹೊರಬಾಗಿಲಲ್ಲಿ. ಗೋಡೆಯಲ್ಲಿ. ನೆಲದಡಿಯಲ್ಲಿ. ಅಶ್ಮಿತಾಳ ಕಾಲಬುಡಕ್ಕೆ ಬಂದು ನಿಂತಿತು. ಲತೀಶ ಮಾನಸಿಯ ಹೆಬ್ಬೆರಳನ್ನೇ ನೋಡುತ್ತಿದ್ದ. ಇನ್ನೊಂದೇ ಅಂಗುಲ. ಒತ್ತು, ಮಾನಸಿ. ಒತ್ತು.

ಅವಳು ಕೈ ಹಿಂದೆಗೆದಳು.

"ಓಡು ತಂಗಿ. ನಿನ್ನ ಹೆಸರು ಹಾಕ್ಬೇಡ. ಈ ಮನೆ ಹಿಡಿದ್ರೆ ಬಿಡುದಿಲ್ಲ. ಆರು ತಿಂಗಳಾಯ್ತು ನಾನು ಹೊರಗೆ ಕಾಲಿಟ್ಟು."

ಅಶ್ಮಿತಾ ಅವಳ ಕಣ್ಣು ನೋಡಿದಳು. ಚಪ್ಪಲಿಯನ್ನೂ ಬಿಟ್ಟು ಓಡಿದಳು. ಹಿಂದೆ ಸೂರಜ್, ಅವನ ಹಿಂದೆ ಯಂತ್ರ ಸುತ್ತಿಕೊಂಡು ಗುಮಾಸ್ತ.

ಲತೀಶ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತ. "ಯಾಕೆ ಹೇಳಿದ್ದು ಮಾನಸಿ? ಯಾಕೆ?"

"ಅವತ್ತು ನನಗೆ ನೀವು ಹೇಳ್ಲಿಲ್ಲ ಅಲ್ವಾ," ಎಂದಳು ಅವಳು.

ಅವನು ಮಗುವಿನಂತೆ ಅತ್ತ. ಸಮಾಧಾನ ಮಾಡಲೆಂದು ಅವಳು ಹತ್ತಿರ ಬಂದಳು. ಬಾಗಿಲಿಗೆ ಇನ್ನೂ ಎರಡು ಹೆಜ್ಜೆಯಿರುವಾಗಲೇ ಅವಳ ಉಸಿರು ಕಟ್ಟಿತು. ಬೆಳಿಗ್ಗೆಯಷ್ಟೇ ಆ ಬಾಗಿಲಲ್ಲೇ ನಿಂತು ಅವನಿಗೆ ಚಹಾ ಕೊಟ್ಟಿದ್ದಳು.